ಪಕ್ಕೆಲುಬು ಹೇಳುವ ಲೆಕ್ಕ

1987ರಲ್ಲಿ ಅಮೆರಿಕದ ರಾಲ್‌ಸ್ಟನ್ ಪ್ಯೂರಿನಾ ಕಂಪನಿಯ ಸಂಶೋಧಕರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿದರು. ಏಳು ಸೂಲಿನ ಮರಿಗಳವು. ಜೋಡಿಯ ಎರಡೂ ಮರಿಗಳು ಒಡಹುಟ್ಟಿದವು, ಒಂದೇ ಲಿಂಗದವು, ಹೆಚ್ಚುಕಡಿಮೆ ಒಂದೇ ತೂಕದವು. ಎಂಟು ವಾರ ತುಂಬಿದ ಮೇಲೆ ಪ್ರಯೋಗ ಶುರುವಾಯಿತು. ಒಂದು ಮರಿ ಎಷ್ಟು ತಿಂದಿತೆಂದು ತೂಗಿ ನೋಡುವುದು, ಅದರ ಮುಕ್ಕಾಲು ಪಾಲನ್ನು ಮಾತ್ರ ಇನ್ನೊಂದರ ಬಟ್ಟಲಿಗೆ ಹಾಕುವುದು. ಆಹಾರ ಒಂದೇ, ಗೂಡು ಒಂದೇ ಬಗೆಯದು, ನೋಡಿಕೊಳ್ಳುವ ವೈದ್ಯರೂ ಅವರೇ. ಬೇರೆ ಇದ್ದದ್ದು ಆ ಕಾಲು ಪಾಲು ಮಾತ್ರ.

ಕಡಿಮೆ ತಿಂದರೆ ನಾಯಿ ಹೆಚ್ಚು ಬಾಳುತ್ತದೆಯೇ ಎಂಬ ಒಂದು ಪ್ರಶ್ನೆಯ ಹಿಂದೆ ಅವರು ಹದಿನಾಲ್ಕು ವರ್ಷ ಕೂತರು. ಕೊನೆಯ ನಾಯಿಯೂ ಕಣ್ಣು ಮುಚ್ಚಿದ ಮೇಲೆ, 2002ರಲ್ಲಿ, ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯಸ್ಸು 11.2 ವರ್ಷ. ಕಡಿಮೆ ತಿಂದ ಗುಂಪಿನದು 13 ವರ್ಷ. ಹನ್ನೆರಡನೆಯ ವರ್ಷ ಮುಗಿಯುವಾಗ ಕಡಿಮೆ ತಿಂದವುಗಳಲ್ಲಿ ಹನ್ನೊಂದು ನಾಯಿಗಳು ಬದುಕಿದ್ದವು. ಇನ್ನೊಂದು ಗುಂಪಿನಲ್ಲಿ ಉಳಿದಿದ್ದದ್ದು ಒಂದೇ ಒಂದು. ಆಯಸ್ಸಿನ ಮಾತು ಹಾಗಿರಲಿ, ಕೀಲುನೋವಿನ ಲೆಕ್ಕ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಒಂದು ಗುಂಪಿಗೆ ಸಂಧಿವಾತದ ಔಷಧಿ ಬೇಕಾದದ್ದು ಹತ್ತು ವರ್ಷ ದಾಟುತ್ತಿದ್ದಂತೆ, ಇನ್ನೊಂದಕ್ಕೆ ಹದಿಮೂರು ದಾಟಿದ ಮೇಲೆ.

ಇಲ್ಲಿ ಒಂದು ಸಂಗತಿಯನ್ನು ಹಲವರು ಗಮನಿಸದೆ ಮುಂದೆ ಹೋಗುತ್ತಾರೆ. ಹೆಚ್ಚು ತಿಂದ ನಾಯಿಗಳು ನಡೆಯಲಾರದಷ್ಟು ಕೊಬ್ಬಿದ ನಾಯಿಗಳೇನಲ್ಲ. ಮೂರು ವರ್ಷ ದಾಟಿದ ಮೇಲೆ ಅವು ತೀರಾ ದಪ್ಪಗಾಗದಿರಲೆಂದು ಸಂಶೋಧಕರೇ ಅವುಗಳ ಆಹಾರಕ್ಕೂ ಮಿತಿ ಹಾಕಿದ್ದರು. ನಮ್ಮ ಬಡಾವಣೆಯ ರಸ್ತೆಯಲ್ಲಿ ಸಂಜೆ ಹೊತ್ತು ಎದುರಾಗುವ, "ಚೆನ್ನಾಗಿ ಸಾಕಿದ್ದಾರೆ" ಎಂದು ನಾಲ್ಕು ಜನ ಮೆಚ್ಚುವ ಲ್ಯಾಬ್ರಡಾರ್‌ಗಳ ಹಾಗೆಯೇ ಅವೂ ಕಾಣುತ್ತಿದ್ದವು. ಸ್ವಲ್ಪವೇ ಸ್ವಲ್ಪ ದಪ್ಪ. ಆ ಸ್ವಲ್ಪದ ಬೆಲೆ ಸುಮಾರು ಎರಡು ವರ್ಷ. ನಾಯಿಯ ಆಹಾರ ಮಾರುವ ಕಂಪನಿಯೊಂದು ತನ್ನ ದುಡ್ಡಿನಲ್ಲೇ ಪ್ರಯೋಗ ನಡೆಸಿ "ಕಡಿಮೆ ಹಾಕಿ" ಎಂಬ ಉತ್ತರಕ್ಕೆ ಬಂದದ್ದು ವಿಜ್ಞಾನದ ಇತಿಹಾಸದಲ್ಲಿ ಅಪರೂಪದ ಪ್ರಸಂಗವೇ ಸರಿ.

ಕಡಿಮೆ ಉಂಡರೆ ಹೆಚ್ಚು ಬಾಳಬಹುದೆಂಬ ಸುಳಿವು ಅದಕ್ಕೂ ಅರ್ಧ ಶತಮಾನದ ಹಿಂದೆಯೇ ಸಿಕ್ಕಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ 1935ರಲ್ಲಿ ಇಲಿಗಳ ಆಹಾರ ಕಡಿತಗೊಳಿಸಿ ಅವುಗಳ ಆಯಸ್ಸು ಹೆಚ್ಚಿದ್ದನ್ನು ತೋರಿಸಿದ್ದ. ಅದೇ ಮೆಕೇ 1943ರಲ್ಲಿ ನಾಯಿಯ ಪೋಷಣೆಯ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ಇಲಿಯಿಂದ ನಾಯಿಗೆ ಈ ಮಾತನ್ನು ದಾಟಿಸಿ ಸಾಬೀತು ಮಾಡಲು ಮಾತ್ರ ಆ 48 ಲ್ಯಾಬ್ರಡಾರ್‌ಗಳೇ ಬರಬೇಕಾಯಿತು.

ಸರಿ, ಕಡಿಮೆ ಎಂದರೆ ಎಷ್ಟು?

ಈ ಪ್ರಶ್ನೆಗೆ ತಕ್ಕಡಿ ಹಿಡಿದು ಉತ್ತರ ಹುಡುಕಿದವರಲ್ಲಿ ಒಬ್ಬ ಜರ್ಮನಿಯ ಮ್ಯಾಕ್ಸ್ ರುಬ್ನರ್. 1883ರಲ್ಲಿ ಅವನು ಏಳು ನಾಯಿಗಳ ಲೆಕ್ಕವನ್ನು ಪ್ರಕಟಿಸಿದ. ಅತಿ ಚಿಕ್ಕದರ ತೂಕ ಮೂರು ಕೆಜಿ ಚಿಲ್ಲರೆ, ಅತಿ ದೊಡ್ಡದರದು 31 ಕೆಜಿ. ಚಿಕ್ಕ ನಾಯಿ ತನ್ನ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 88 ಕ್ಯಾಲೊರಿ ಉರಿಸುತ್ತಿತ್ತು. ದೊಡ್ಡದು ಬರೀ 36. ಅಂದರೆ ದೊಡ್ಡ ನಾಯಿಯ ತೂಕ ಹತ್ತು ಪಟ್ಟು, ಅದಕ್ಕೆ ಬೇಕಾದ ಶಕ್ತಿ ಮಾತ್ರ ನಾಲ್ಕೇ ಪಟ್ಟು.

ಬಚ್ಚಲೊಲೆಯ ಹಂಡೆ ಕಂಡವರಿಗೆ ರುಬ್ನರ್ ಕೊಟ್ಟ ವಿವರಣೆ ಸುಲಭವಾಗಿ ಅರ್ಥವಾದೀತು. ಹಂಡೆಯ ಬಿಸಿನೀರು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅದರಿಂದಲೇ ಮೊಗೆದಿಟ್ಟ ಒಂದು ಚೊಂಬು ನೀರು ಬೇಗನೆ ತಣ್ಣಗಾಗುತ್ತದೆ. ಒಳಗಿರುವ ನೀರಿಗೆ ಹೋಲಿಸಿದರೆ ಚೊಂಬಿನ ಮೈ ದೊಡ್ಡದು, ಶಾಖ ಸೋರುವ ದಾರಿ ಅಗಲ. ಚಿಹುವಾಹುವಾ ಚೊಂಬು, ಗ್ರೇಟ್ ಡೇನ್ ಹಂಡೆ. ರುಬ್ನರ್ ಮುಂದೆ ಒಂದು ನಾಯಿಯನ್ನು ಶಾಖ ಅಳೆಯುವ ಪೆಟ್ಟಿಗೆಯಲ್ಲಿಟ್ಟು, ಒಳಹೋದ ಆಹಾರದ ಶಕ್ತಿಗೂ ಹೊರಬಂದ ಶಾಖಕ್ಕೂ ತಾಳೆ ನೋಡಿದ. ಲೆಕ್ಕ ಕೂಡಿತು. ಪ್ರಾಣಿಯ ದೇಹವೂ ಉಗಿಯಂತ್ರದ ನಿಯಮಕ್ಕೇ ಒಳಪಟ್ಟದ್ದೆಂದು ಜಗತ್ತಿಗೆ ತಿಳಿಸಿಕೊಟ್ಟದ್ದು ಆ ನಾಯಿ. ನಾಯಿಯ ಊಟದ ಪ್ರಶ್ನೆ ಶರೀರವಿಜ್ಞಾನದ ನಟ್ಟನಡುವಿನ ಪ್ರಶ್ನೆಯಾಗಿ ಬೆಳೆದದ್ದು ಹೀಗೆ.

ಮೈಯ ಹರವಿನ ವಿವರಣೆಯಷ್ಟರಲ್ಲೇ ಎಲ್ಲವೂ ಮುಗಿಯಲಿಲ್ಲ ಎನ್ನಿ. 1932ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ವಿಸ್ ಮೂಲದ ಮ್ಯಾಕ್ಸ್ ಕ್ಲೈಬರ್, ಸಣ್ಣ ಪ್ರಾಣಿಯಿಂದ ಹಿಡಿದು ದನದವರೆಗೆ ಅಂಕಿಅಂಶ ಕೂಡಿಸಿ ಸೂತ್ರವನ್ನು ತಿದ್ದಿದ. ಶಕ್ತಿಯ ಅಗತ್ಯ ತೂಕದ ಮುಕ್ಕಾಲು ಘಾತಕ್ಕೆ ಸರಿಯಾಗಿ ಏರುತ್ತದೆ ಎಂಬುದು ಅವನ ತೀರ್ಮಾನ. ಏಕೆ ಮುಕ್ಕಾಲೇ ಎಂದು ವಿಜ್ಞಾನಿಗಳು ಇವತ್ತಿಗೂ ಜಗಳವಾಡುತ್ತಾರೆ. ಪಶುವೈದ್ಯರು ಆ ಜಗಳಕ್ಕೆ ಹೋಗದೆ ಸೂತ್ರವನ್ನು ದಿನವೂ ಬಳಸುತ್ತಾರೆ.

ಘಾತ ಎಂದೊಡನೆ ಹೆದರಬೇಕಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು ಕೆಜಿಯಲ್ಲಿ ಬರೆದು ಅದರಿಂದಲೇ ಎರಡು ಸಲ ಗುಣಿಸಿ. ಬಂದ ಸಂಖ್ಯೆಯ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. ಅದನ್ನು 70ರಿಂದ ಗುಣಿಸಿ. ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲೊರಿ ಅದು. 28 ಕೆಜಿ ಇರಬೇಕಾದ ಲ್ಯಾಬ್ರಡಾರ್‌ಗೆ ಇದು ಸುಮಾರು 850. ಆರು ಕೆಜಿಯ ಸ್ಪಿಟ್ಜ್‌ಗೆ ಸುಮಾರು 270.

"ಇರಬೇಕಾದ" ಎಂಬ ಮಾತು ಇಲ್ಲಿ ಮುಖ್ಯ. ನಾಯಿ ಈಗ 34 ಕೆಜಿ ತೂಗುತ್ತಿದ್ದರೆ 34 ಹಾಕಿ ಲೆಕ್ಕ ಮಾಡುವುದೆಂದರೆ ಬೊಜ್ಜಿಗೂ ಊಟ ಬಡಿಸಿದಂತೆ.

ಮಲಗಿದ ನಾಯಿಯ ಲೆಕ್ಕದ ಮೇಲೆ ಎದ್ದು ಓಡಾಡುವ ನಾಯಿಯ ಲೆಕ್ಕ ಕೂರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ಮನೆನಾಯಿಗೆ ಸಾಮಾನ್ಯವಾಗಿ 1.6ರಿಂದ ಗುಣಿಸುತ್ತಾರೆ, ಆಗಿರದಿದ್ದರೆ 1.8ರಿಂದ. ಫ್ಲ್ಯಾಟಿನ ಸೋಫಾ ಬಿಟ್ಟು ಇಳಿಯದ ನಾಯಿಗೆ 1.2ರಿಂದ 1.4 ಸಾಕಾಗುವುದೂ ಉಂಟು. ನಾಲ್ಕು ತಿಂಗಳೊಳಗಿನ ಮರಿಗೆ ಮೂರು ಪಟ್ಟು ಬೇಕು, ಆಮೇಲೆ ಬೆಳವಣಿಗೆ ಮುಗಿಯುವವರೆಗೆ ಎರಡು ಪಟ್ಟು. ಈ ಏಣಿಯ ತುತ್ತತುದಿಯಲ್ಲಿರುವುದು ಅಲಾಸ್ಕಾದ ಹಸ್ಕಿಗಳು. ಹಿಮದ ಮೇಲೆ ಸುಮಾರು 1,600 ಕಿಲೋಮೀಟರ್ ಬಂಡಿ ಎಳೆಯುವ ಇಡಿಟರಾಡ್ ಓಟದಲ್ಲಿ ಇವುಗಳಿಗೆ ದಿನಕ್ಕೆ ಹತ್ತು ಸಾವಿರ ಕ್ಯಾಲೊರಿಗೂ ಹೆಚ್ಚು ಬೇಕಾಗುತ್ತದೆ. ಮಲಗಿದ್ದಾಗಿನ ಅಗತ್ಯದ ಹನ್ನೆರಡು ಪಟ್ಟಿಗೂ ಮೇಲೆ! ಬೆಂಗಳೂರಿನ ಮೂರನೇ ಮಹಡಿಯಲ್ಲಿ ಏರ್ ಕಂಡಿಷನರ್ ಕೆಳಗೆ ಮಲಗಿರುವ ಹಸ್ಕಿಗೂ ಆ ಹಸ್ಕಿಗೂ ಹೆಸರು ಒಂದೇ, ಬಟ್ಟಲು ಬೇರೆ.

ಈಗ ನಮ್ಮ ಲ್ಯಾಬ್ರಡಾರ್‌ಗೆ ಮರಳಿದರೆ, 850ನ್ನು 1.6ರಿಂದ ಗುಣಿಸಿ ದಿನಕ್ಕೆ ಸುಮಾರು 1,360 ಕ್ಯಾಲೊರಿ. ಅಂಗಡಿಯಲ್ಲಿ ಸಿಗುವ ಒಣ ಆಹಾರದಲ್ಲಿ ನೂರು ಗ್ರಾಂಗೆ ಸಾಮಾನ್ಯವಾಗಿ 350ರಿಂದ 400 ಕ್ಯಾಲೊರಿ ಇರುತ್ತದೆ. ನಮ್ಮಲ್ಲಿ ಯಾವ ಕಂಪನಿಯದಾದರೂ "ಪೆಡಿಗ್ರಿ" ಎಂದೇ ಕರೆಸಿಕೊಳ್ಳುವ ಆ ಗರಿಗರಿ ಕಾಳುಗಳು ದಿನಕ್ಕೆ 360–370 ಗ್ರಾಂ ಆದರೆ ಲೆಕ್ಕ ಮುಗಿಯಿತು. ಆರು ಕೆಜಿ ನಾಯಿಗೆ 430 ಕ್ಯಾಲೊರಿ, ಅಂದರೆ ಸುಮಾರು 115 ಗ್ರಾಂ. ಇಷ್ಟು ಲೆಕ್ಕ ಹಾಕಿ ಪೊಟ್ಟಣ ತಿರುಗಿಸಿ ನೋಡಿದರೆ ಅಲ್ಲಿ ಅಚ್ಚಾಗಿರುವ ಪ್ರಮಾಣ ಇದಕ್ಕಿಂತ ಹೆಚ್ಚಿರುವುದು ಅಪರೂಪವೇನಲ್ಲ. ಆ ಪಟ್ಟಿ ಚುರುಕಾಗಿ ಓಡಾಡುವ, ಶಸ್ತ್ರಚಿಕಿತ್ಸೆಯಾಗದ ನಾಯಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಶಸ್ತ್ರಚಿಕಿತ್ಸೆಯಾದ ನಾಯಿಗೆ ಬೇಕಾಗುವ ಶಕ್ತಿ 20ರಿಂದ 30 ಶೇಕಡಾ ಇಳಿಯಬಹುದು. ಹಸಿವು ಮಾತ್ರ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಆಪರೇಷನ್ ಆದ ವಾರದಿಂದಲೇ ಬಟ್ಟಲು ತಗ್ಗಿಸಬೇಕು ಎಂಬ ಮಾತನ್ನು ಹೊಲಿಗೆ ಬಿಚ್ಚುವ ದಿನ ಕೇಳಿಸಿಕೊಂಡವರು ಕಡಿಮೆ.

ಲೆಕ್ಕ ಸರಿಯಾದರೂ ಲೋಟ ಕೈಕೊಡುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ನೂರು ಮಂದಿ ನಾಯಿ ಸಾಕಿದವರನ್ನು ಕರೆದು, ಇಷ್ಟು ಆಹಾರ ಅಳೆದು ಕೊಡಿ ಎಂದು ಕಪ್, ಸೌಟುಗಳನ್ನು ಕೈಗಿತ್ತರು. ಕೊಡಬೇಕಾದ್ದಕ್ಕಿಂತ ಸುಮಾರು ಅರ್ಧ ಕಡಿಮೆ ಅಳೆದವರಿದ್ದರು, ಎರಡೂವರೆ ಪಟ್ಟು ಸುರಿದವರೂ ಇದ್ದರು. ಅಳತೆ ಸಣ್ಣದಾದಷ್ಟೂ ತಪ್ಪು ದೊಡ್ಡದು. ಹಾಗಾಗಿ ಪೆಟ್ಟು ಬೀಳುವುದು ಚಿಕ್ಕ ನಾಯಿಗೆ. ಅಡುಗೆಮನೆಯ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಗೆ ಆಗುವ ಖರ್ಚು ಒಂದು ಸಣ್ಣ ಚೀಲ ಡಾಗ್ ಫುಡ್‌ನ ಬೆಲೆಗಿಂತ ಹೆಚ್ಚೇನಿಲ್ಲ.

ಇನ್ನು ಯಾವ ತಕ್ಕಡಿಗೂ ಸಿಗದ ಊಟವೊಂದಿದೆ. ನಮ್ಮ ಕಡೆ "ಪಾಮೇರಿಯನ್" ಎಂದು ಕರೆಯುವ, ನಿಜದಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಆಗಿರುವ ಬಿಳಿ ನಾಯಿಯ ಒಂದು ದಿನವನ್ನು ನೋಡೋಣ. ಬೆಳಗಿನ ಕಾಫಿಯ ಹೊತ್ತಿಗೆ ತಾತ ಎರಡು ಗ್ಲೂಕೋಸ್ ಬಿಸ್ಕತ್ತು ಹಾಕುತ್ತಾರೆ. ಮಧ್ಯಾಹ್ನ ಅಜ್ಜಿಯ ತಟ್ಟೆಯಿಂದ ಒಂದು ಚಪಾತಿ, ಒಣಗಿದ್ದು ಹೇಗೆ ತಿಂದೀತು ಎಂದು ಅದರ ಮೇಲೆ ಒಂದು ಚಮಚ ತುಪ್ಪ. ಸಂಜೆ ಶಾಲೆಯಿಂದ ಬಂದ ಮೊಮ್ಮಗಳ ಪಾಲಿನ ಎರಡು ಬಿಸ್ಕತ್ತು. ಯಾರೂ ಹೆಚ್ಚು ಹಾಕಿಲ್ಲ. "ನಾನು ಕೊಟ್ಟಿದ್ದು ಇಷ್ಟೇ ಇಷ್ಟು ಕಣಮ್ಮ" ಎಂದು ಪ್ರತಿಯೊಬ್ಬರೂ ಹೇಳಬಹುದು, ಅದು ನಿಜವೂ ಹೌದು. ಕೂಡಿಸಿದರೆ ಬಿಸ್ಕತ್ತಿನಿಂದ ಸುಮಾರು 90 ಕ್ಯಾಲೊರಿ, ಚಪಾತಿಯಿಂದ ಸುಮಾರು 100, ತುಪ್ಪದಿಂದ 45. ಒಟ್ಟು 235. ಆರು ಕೆಜಿ ನಾಯಿಯ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ಹೊಟ್ಟೆ ಸೇರಿಯಾಯಿತು, ಇನ್ನೂ ಬಟ್ಟಲು ಇಟ್ಟಿಲ್ಲ. ರಾತ್ರಿ ಬಟ್ಟಲಿನಲ್ಲಿ ಅರ್ಧ ಬಿಟ್ಟರೆ "ಯಾಕೋ ಇವತ್ತು ಊಟ ಸೇರ್ತಿಲ್ಲ ಇದಕ್ಕೆ" ಎಂಬ ಆತಂಕ, ಅದಕ್ಕೆ ಪರಿಹಾರವಾಗಿ ಮೊಸರನ್ನ.

ಬಟ್ಟಲಿನಾಚೆಯ ತಿಂಡಿ ದಿನದ ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಈ ನಾಯಿಯ ಮಟ್ಟಿಗೆ ಅದು ಎರಡು ಬಿಸ್ಕತ್ತು, ಇಡೀ ಮನೆಗೆ ಸೇರಿ.

"ವಾಕಿಂಗ್ ಕರ್ಕೊಂಡು ಹೋಗ್ತೀವಲ್ಲ, ಕರಗತ್ತೆ ಬಿಡಿ" ಎನ್ನುವವರಿಗೆ ಬೇಸರದ ಸುದ್ದಿ. ನಡೆಯುವ ನಾಯಿ ಪ್ರತಿ ಕಿಲೋಮೀಟರಿಗೆ ತನ್ನ ಕೆಜಿ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚು ಮಾಡುತ್ತದೆ. 28 ಕೆಜಿಯ ಲ್ಯಾಬ್ರಡಾರ್ ಒಂದು ಕಿಲೋಮೀಟರ್ ನಡೆದರೆ ಕರಗುವುದು ಒಂದು ಗ್ಲೂಕೋಸ್ ಬಿಸ್ಕತ್ತಿಗಿಂತ ತುಸು ಹೆಚ್ಚು. ಸ್ನಾಯು, ಮನಸ್ಸು, ಕೀಲು ಎಲ್ಲಕ್ಕೂ ನಡಿಗೆ ಬೇಕೇ ಬೇಕು. ಬೊಜ್ಜಿಗೆ ಮಾತ್ರ ಅದನ್ನೇ ನಂಬಿ ಕೂರುವಂತಿಲ್ಲ.

ಇಷ್ಟಕ್ಕೂ ನಾಯಿ ತನಗೆ ಸಾಕಾದಾಗ ತಾನೇ ಏಕೆ ನಿಲ್ಲಿಸುವುದಿಲ್ಲ? ಕೆಲವು ನಿಲ್ಲಿಸುತ್ತವೆ. ಲ್ಯಾಬ್ರಡಾರ್ ಸಾಕಿದವರನ್ನು ಕೇಳಿದರೆ ನಗುತ್ತಾರೆ.

ಮೊದಲ ಕಾರಣ ತೋಳನ ಕಾಲದ್ದು. ಬೇಟೆ ಸಿಕ್ಕ ದಿನ ತೋಳ ಒಂದೇ ಬಾರಿಗೆ ಒಂಬತ್ತು–ಹತ್ತು ಕೆಜಿ ಮಾಂಸ ನುಂಗಬಲ್ಲದು, ಸಿಗದಿದ್ದರೆ ದಿನಗಟ್ಟಲೆ ಬರಿಹೊಟ್ಟೆಯಲ್ಲಿ ಅಲೆಯಬಲ್ಲದು. ನಾಳೆ ಇದೆಯೋ ಇಲ್ಲವೋ ಗೊತ್ತಿಲ್ಲದ ಪ್ರಾಣಿಗೆ ಇವತ್ತೇ ತುಂಬಿಕೊಳ್ಳುವುದು ಜಾಣತನ. ನಾಳೆಯೂ ಎರಡು ಹೊತ್ತು ಬಟ್ಟಲು ಬರುತ್ತದೆಂದು ನಾಯಿಯ ಮಿದುಳಿಗೆ ಯಾರೂ ತಿಳಿಸಿಲ್ಲ.

ಎರಡನೆಯದು ಕೇಂಬ್ರಿಡ್ಜ್‌ನಲ್ಲಿ ಸಿಕ್ಕಿತು. ಎಲಿನರ್ ರಾಫನ್ ಮತ್ತು ಅವರ ಸಂಗಡಿಗರು 2016ರಲ್ಲಿ ಲ್ಯಾಬ್ರಡಾರ್‌ಗಳ ಪಿಓಎಂಸಿ ಎಂಬ ಜೀನಿನಲ್ಲಿ ಒಂದು ಸಣ್ಣ ತುಂಡು ಕಾಣೆಯಾಗಿರುವುದನ್ನು ಪತ್ತೆಹಚ್ಚಿದರು. ಹದಿನಾಲ್ಕು ಅಕ್ಷರಗಳಷ್ಟೇ ಉದ್ದದ ತುಂಡು. "ಸಾಕು, ಹೊಟ್ಟೆ ತುಂಬಿತು" ಎಂದು ಮಿದುಳಿಗೆ ಹೇಳುವ ರಾಸಾಯನಿಕಗಳ ತಯಾರಿಗೆ ಈ ಜೀನು ಬೇಕು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಈ ದೋಷವಿದೆ. ದೋಷದ ಒಂದೊಂದು ಪ್ರತಿಗೂ ತೂಕ ಸರಾಸರಿ ಎರಡು ಕೆಜಿಯಂತೆ ಏರುತ್ತದೆ. ಸ್ವಾರಸ್ಯ ಇನ್ನೊಂದಿದೆ. ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಲ್ಯಾಬ್ರಡಾರ್‌ಗಳನ್ನು ಪರೀಕ್ಷಿಸಿದಾಗ ಮುಕ್ಕಾಲು ಪಾಲಿನಲ್ಲಿ ಈ ದೋಷ ಕಂಡಿತು. ತಿಂಡಿಯ ಆಸೆ ತೋರಿಸಿ ಪಾಠ ಕಲಿಸುವ ಕಡೆ ತಿಂಡಿಪೋತ ವಿದ್ಯಾರ್ಥಿಯೇ ಮೊದಲ ಸ್ಥಾನಕ್ಕೆ ಬಂದರೆ ಅಚ್ಚರಿಯೇನಿದೆ?

2024ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೇಕಾದಷ್ಟು ಉಣ್ಣಿಸಿದಾಗ ದೋಷವಿದ್ದ ನಾಯಿಗಳೂ ಇಲ್ಲದ ನಾಯಿಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣ ತಿಂದವು. ಆದರೆ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೂತುಗಳಿದ್ದ ಪಾರದರ್ಶಕ ಪೆಟ್ಟಿಗೆಯಲ್ಲಿ ಸಾಸೇಜ್ ಇಟ್ಟು, ವಾಸನೆ ಬರುವಂತೆ, ಕಾಣುವಂತೆ, ಸಿಗದಂತೆ ಮಾಡಿದಾಗ ದೋಷವಿದ್ದವು ಪೆಟ್ಟಿಗೆಯ ಸುತ್ತ ಬಹಳ ಹೆಚ್ಚು ಒದ್ದಾಡಿದವು. ಊಟ ಊಟದ ನಡುವೆ ಅವುಗಳಿಗೆ ನಿಜವಾಗಿಯೂ ಹಸಿವು. ಸಾಲದೆಂಬಂತೆ ಸುಮ್ಮನಿದ್ದಾಗ ಅವು ಉರಿಸುವ ಶಕ್ತಿ ಉಳಿದವುಗಳಿಗಿಂತ ಸುಮಾರು ಕಾಲು ಪಾಲು ಕಡಿಮೆ. ಖರ್ಚು ಕಡಿಮೆ, ಆಸೆ ಹೆಚ್ಚು. ಇಂಥ ನಾಯಿಯ ಯಜಮಾನರನ್ನು "ಶಿಸ್ತಿಲ್ಲದೆ ಸಾಕಿದ್ದೀರಿ" ಎಂದು ಬೈಯುವುದು ಅನ್ಯಾಯ. ಹಾಗೆಯೇ, ಅದರ ಕಣ್ಣು ನೋಡಿ ಬಟ್ಟಲು ತುಂಬುವುದೂ ನಾಯಿಗೆ ಮಾಡುವ ಉಪಕಾರವಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ನಾಯಿಯ ಊಟವನ್ನು ಬಲ್ಲವರು ಮನೆಯವರೇ ಆಗಬೇಕು.

ಹಸಿವನ್ನೂ ನಂಬುವಂತಿಲ್ಲ, ಪೊಟ್ಟಣವನ್ನೂ ನಂಬುವಂತಿಲ್ಲ. ಸೂತ್ರವೂ ಆರಂಭಕ್ಕೆ ಮಾತ್ರ. ಒಂದೇ ತೂಕದ, ಒಂದೇ ವಯಸ್ಸಿನ ಎರಡು ನಾಯಿಗಳ ಅಗತ್ಯದಲ್ಲಿ ಕಾಲು ಪಾಲಿಗೂ ಹೆಚ್ಚು ಅಂತರ ಇರಬಹುದು. ಗ್ರೇಟ್ ಡೇನ್‌ಗೆ ಸೂತ್ರ ಹೇಳುವುದಕ್ಕಿಂತ ಹೆಚ್ಚು ಬೇಕಾದೀತು, ನ್ಯೂಫೌಂಡ್‌ಲೆಂಡ್‌ಗೆ ಕಡಿಮೆ ಸಾಲಬಹುದು. ಹಾಗಾದರೆ ಕೊನೆಯ ತೀರ್ಪು ಯಾರದ್ದು? ಪಕ್ಕೆಲುಬಿನದ್ದು.

ಡಾಟಿ ಲಾಫ್ಲಾಮ್ ಎಂಬ ಪಶುವೈದ್ಯೆ 1997ರಲ್ಲಿ ನಾಯಿಯ ಮೈಕಟ್ಟಿಗೆ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ಒಂದು ಎಂದರೆ ಎಲುಬಿನ ಗೂಡು, ಒಂಬತ್ತು ಎಂದರೆ ಪೀಪಾಯಿ. ನಾಲ್ಕೋ ಐದೋ ಇದ್ದರೆ ಸರಿ. ಐದರ ಮೇಲಿನ ಒಂದೊಂದು ಅಂಕವೂ ಸುಮಾರು ಹತ್ತು ಶೇಕಡಾ ಹೆಚ್ಚು ತೂಕವೆಂದು ಲೆಕ್ಕ. ಪ್ಯೂರಿನಾದ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚು ತಿಂದವು 6.7ರ ಆಸುಪಾಸಿನಲ್ಲಿದ್ದವು, ಕಡಿಮೆ ತಿಂದವು 4.6ರಲ್ಲಿ.

ಈ ಪರೀಕ್ಷೆಗೆ ಬೇಕಾದ ಉಪಕರಣ ನಿಮ್ಮ ಕೈಯಲ್ಲೇ ಇದೆ, ಕೈಯೇ ಅದು. ಮುಷ್ಟಿ ಕಟ್ಟಿ, ಇನ್ನೊಂದು ಕೈಬೆರಳನ್ನು ಗೆಣ್ಣುಗಳ ಮೇಲೆ ಆಡಿಸಿ. ನಾಯಿಯ ಪಕ್ಕೆ ಹೀಗೆ ಸಿಕ್ಕಿದರೆ ಅದು ಸೊರಗಿದೆ. ಈಗ ಮುಷ್ಟಿ ಬಿಚ್ಚಿ, ಅಂಗೈ ಕೆಳಮುಖ ಮಾಡಿ, ಹಿಂಗೈ ಮೇಲೆ ಬೆರಳಾಡಿಸಿ. ತೆಳ್ಳನೆ ಚರ್ಮದಡಿ ಎಲುಬು ತಿಳಿಯುತ್ತದಲ್ಲ, ಪಕ್ಕೆ ಇರಬೇಕಾದದ್ದು ಹಾಗೆ. ಅಂಗೈ ಮೇಲೆತ್ತಿ ಬೆರಳುಗಳ ಬುಡದ ಮೆತ್ತನೆ ಭಾಗ ಮುಟ್ಟಿ. ಎಲುಬು ಹುಡುಕಲು ಒತ್ತಬೇಕು. ಪಕ್ಕೆ ಹೀಗಿದ್ದರೆ ಬಟ್ಟಲು ತಗ್ಗಿಸುವ ಹೊತ್ತು ಬಂದಿದೆ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಒಳಸರಿದಿರಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಮೇಲೇರಿರಬೇಕು. ಕೂದಲು ದಟ್ಟವಾಗಿರುವ ನಾಯಿಗಳಲ್ಲಿ ಕಣ್ಣು ಮೋಸ ಹೋಗುತ್ತದೆ, ಕೈ ಹೋಗುವುದಿಲ್ಲ.

ಕಣ್ಣು ಇನ್ನೊಂದು ದಿಕ್ಕಿನಲ್ಲೂ ಮೋಸ ಹೋಗುತ್ತದೆ ಎಂಬುದನ್ನು ಕಾಣಲು ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಬೇಕು. ಮುಧೋಳ ನಾಯಿಯನ್ನು ಮೊದಲ ಬಾರಿ ನೋಡಿದ ಪೇಟೆಯವರು "ಇದಕ್ಕೆ ಊಟ ಹಾಕೋದಿಲ್ವಾ?" ಎಂದು ಕೇಳಿಬಿಡುತ್ತಾರೆ. ಉದ್ದ ಕಾಲು, ಆಳದ ಎದೆ, ಒಂದು ಹಿಡಿಯ ನಡು, ಎಣಿಸಬಹುದಾದ ಹಿಂದಿನ ಪಕ್ಕೆಲುಬುಗಳು. ಓಡಿ ಬೇಟೆ ಹಿಡಿಯಲೆಂದೇ ಬೆಳೆದುಬಂದ ಈ ತಳಿಯಲ್ಲಿ ಅದು ಆರೋಗ್ಯದ ಲಕ್ಷಣ. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ಹೊರತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಮುಧೋಳ ನಾಯಿಯನ್ನು ಲ್ಯಾಬ್ರಡಾರ್‌ನಂತೆ ಕಾಣುವವರೆಗೆ ಉಣ್ಣಿಸಿದರೆ ಅದರ ಓಟವನ್ನೇ ಕಿತ್ತುಕೊಂಡಂತೆ.

ಮರಿಗಳ ವಿಷಯದಲ್ಲಿ ಅಕ್ಕರೆಯ ಅಪಾಯ ಹೆಚ್ಚು. ಗುಂಡುಗುಂಡಗಿನ ಮರಿ ಎಲ್ಲರಿಗೂ ಇಷ್ಟ. ಆದರೆ ದೊಡ್ಡ ತಳಿಯ ಮರಿ ಬೇಗ ತೂಕ ಹಾಕಿಕೊಂಡರೆ ಇನ್ನೂ ಗಟ್ಟಿಯಾಗದ ಎಲುಬು, ಕೀಲುಗಳ ಮೇಲೆ ಹೊರೆ ಬೀಳುತ್ತದೆ. 1974ರಲ್ಲಿ ಓಕೆ ಹೆಡ್‌ಹಮ್ಮರ್ ಮತ್ತು ಸಂಗಡಿಗರು ಗ್ರೇಟ್ ಡೇನ್ ಮರಿಗಳಲ್ಲಿ ಇದನ್ನು ತೋರಿಸಿದರು: ಬೇಕಾದಷ್ಟು ತಿಂದು ಬೆಳೆದವುಗಳಲ್ಲಿ ಎಲುಬಿನ ದೋಷಗಳು ಎದ್ದು ಕಂಡವು. ಪ್ಯೂರಿನಾದ 48 ಮರಿಗಳಿಗೆ ಎರಡು ವರ್ಷವಾದಾಗ ಎಕ್ಸ್‌ರೇ ತೆಗೆದು ನೋಡಿದರೆ, ಹೆಚ್ಚು ತಿಂದ 24ರಲ್ಲಿ 16ಕ್ಕೆ ಸೊಂಟದ ಕೀಲು ಸರಿಯಾಗಿ ಕೂತಿರಲಿಲ್ಲ. ಕಡಿಮೆ ತಿಂದ 24ರಲ್ಲಿ ಅಂಥವು ಏಳು. ಎಲುಬು ಗಟ್ಟಿಯಾಗಲಿ ಎಂದು ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ತಂದು ಸುರಿಯುವ ರೂಢಿಯೂ ನಮ್ಮಲ್ಲಿದೆ. ಮರಿಗಳಿಗೆಂದೇ ಮಾಡಿದ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಇದು ಬೇಡವೇ ಬೇಡ, ಹೆಚ್ಚಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಮನೆಯ ಅಡುಗೆ ಹಾಕಬಹುದೇ ಎಂಬ ಪ್ರಶ್ನೆ ಈಗಾಗಲೇ ಓದುಗರ ಬಾಯಿಗೆ ಬಂದಿರುತ್ತದೆ. ಜೀರ್ಣದ ತೊಂದರೆಯಿಲ್ಲ. ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ತಂಡ 2013ರಲ್ಲಿ ಪ್ರಕಟಿಸಿದಂತೆ, ಪಿಷ್ಟ ಕರಗಿಸುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಪ್ರತಿ. ಮನುಷ್ಯನ ಅನ್ನ ರೊಟ್ಟಿಗಳ ಪಕ್ಕ ಸಾವಿರಾರು ವರ್ಷ ಬಾಳಿದ ಗುರುತು ಅದು. ಮುದ್ದೆ ತಿಂದು ತೋಟ ಕಾಯುವ ನಮ್ಮ ಹಳ್ಳಿಯ ನಾಯಿಗಳು ಈ ಸಂಶೋಧನೆಯನ್ನು ಕಾದು ಕೂತಿರಲಿಲ್ಲ. ಹಾಗೆಂದು ಮಾಂಸದ ಆಸೆ ಹೋಗಿಲ್ಲ: ಪಶ್ಚಿಮ ಬಂಗಾಳದ ಬೀದಿನಾಯಿಗಳ ಮೇಲೆ ಅನಿಂದಿತಾ ಭದ್ರಾ ತಂಡ ಮಾಡಿದ ಪ್ರಯೋಗಗಳಲ್ಲಿ, ಮಾಂಸದ ವಾಸನೆ ಬಂದದ್ದನ್ನೇ ಅವು ಮೊದಲು ಬಾಯಿಗೆ ಹಾಕಿಕೊಂಡವು.

ತೊಡಕಿರುವುದು ಸಮತೋಲದಲ್ಲಿ. ಬರೀ ಅನ್ನ-ಮೊಸರಿನಲ್ಲಿ ಹೊಟ್ಟೆ ತುಂಬುತ್ತದೆ, ಸಾಕಷ್ಟು ಪ್ರೋಟೀನು, ಸತು, ತಾಮ್ರ, ವಿಟಮಿನ್ ಇ ಸಿಗುವುದಿಲ್ಲ. ಪುಸ್ತಕ, ಜಾಲತಾಣಗಳಿಂದ ಆಯ್ದ 200 ಮನೆಯಡುಗೆಯ ಪಾಕವಿಧಾನಗಳನ್ನು ಡೇವಿಸ್‌ನ ಪಶುವೈದ್ಯರು 2013ರಲ್ಲಿ ಪರಿಶೀಲಿಸಿದಾಗ 95 ಶೇಕಡಾದಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶ ಕಡಿಮೆ ಬಿದ್ದಿತ್ತು. ಮನೆಯಲ್ಲೇ ಬೇಯಿಸಿ ಹಾಕುವ ಹಟವಿದ್ದರೆ ಪಶುವೈದ್ಯರಿಂದ ಪಟ್ಟಿ ಬರೆಸಿಕೊಳ್ಳುವುದು ಮೇಲು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಕಲಸಿ ಹಾಕಬಾರದು; ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ಮಿಠಾಯಿ ಯಾವುದೂ ಬೇಡ.

ದಿನಕ್ಕೆ ಎಷ್ಟು ಹೊತ್ತು? ಅಮೆರಿಕದ ಸಾವಿರಾರು ನಾಯಿಗಳನ್ನು ಹಿಂಬಾಲಿಸುತ್ತಿರುವ ಡಾಗ್ ಏಜಿಂಗ್ ಪ್ರಾಜೆಕ್ಟ್ 2022ರಲ್ಲಿ ಒಂದು ಹೊತ್ತು ಉಣ್ಣುವ ನಾಯಿಗಳಲ್ಲಿ ಕೆಲವು ಕಾಯಿಲೆಗಳು ಕಡಿಮೆ ಎಂದು ಹೇಳಿದ್ದುಂಟು. ಆದರೆ ಕಾಯಿಲೆ ಬಿದ್ದ ನಾಯಿಗೇ ಮನೆಯವರು ಹಲವು ಬಾರಿ ಉಣ್ಣಿಸುತ್ತಿರಬಹುದಲ್ಲ? ಯಾವುದು ಕಾರಣ, ಯಾವುದು ಪರಿಣಾಮ ಎಂದು ಆ ಅಧ್ಯಯನದಿಂದ ಹೇಳಲಾಗದು. ಆಳದ ಎದೆಯ ದೊಡ್ಡ ನಾಯಿಗಳು ಒಂದೇ ಬಾರಿಗೆ ಹೊಟ್ಟೆ ಬಿರಿಯೆ ತಿಂದರೆ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಂತೂ ಇದೆ. ಎರಡು ಹೊತ್ತು ಒಳ್ಳೆಯದು.

ತೂಕ ಇಳಿಸಬೇಕಾದಾಗ ಅವಸರ ಬೇಡ, ವಾರಕ್ಕೆ ಒಂದರಿಂದ ಎರಡು ಶೇಕಡಾ ಸಾಕು. 34 ಕೆಜಿಯ ಲ್ಯಾಬ್ರಡಾರ್ 28ಕ್ಕೆ ಬರಲು ಮೂರು ನಾಲ್ಕು ತಿಂಗಳು ಹಿಡಿಯಬಹುದು. ದಿನಕ್ಕೆ ಆ 850 ಕ್ಯಾಲೊರಿಯಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ತೂಗಿ, ಬಟ್ಟಲನ್ನು ತಿದ್ದುತ್ತಾ ಹೋಗುವುದು ಕ್ರಮ. ತಿಂಗಳಾದರೂ ಮುಳ್ಳು ಅಲುಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಇಷ್ಟು ಕಷ್ಟಪಡಬೇಕೇ ಎನ್ನುವವರಿಗೆ ಇನ್ನೊಂದು ಅಂಕಿ: 2019ರಲ್ಲಿ ಹನ್ನೆರಡು ತಳಿಗಳ ಐವತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದಾಗ, ಪ್ರತಿ ತಳಿಯಲ್ಲೂ ದಪ್ಪ ನಾಯಿಗಳ ಆಯಸ್ಸು ಮೊಟಕಾಗಿತ್ತು. ಗಂಡು ಜರ್ಮನ್ ಶೆಪರ್ಡ್‌ಗಳಲ್ಲಿ ಸುಮಾರು ಐದು ತಿಂಗಳು, ಗಂಡು ಯಾರ್ಕ್‌ಷೈರ್ ಟೆರಿಯರ್‌ಗಳಲ್ಲಿ ಎರಡೂವರೆ ವರ್ಷ.

ಕೂಡುಕುಟುಂಬದ ನಾಯಿಗೆ ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಇಡೀ ದಿನದ ಆಹಾರವನ್ನು ತಕ್ಕಡಿಯಲ್ಲಿ ತೂಗಿ ಒಂದು ಡಬ್ಬಕ್ಕೆ ಹಾಕಿಡಿ. ಎರಡು ಹೊತ್ತಿನ ಬಟ್ಟಲಿಗೂ, ನಡುನಡುವೆ ಕೊಡುವ ತಿಂಡಿಗೂ ಅದರಿಂದಲೇ ತೆಗೆಯಬೇಕು. ಡಬ್ಬ ಬರಿದಾದರೆ ಅವತ್ತಿನ ಊಟ ಮುಗಿಯಿತು. ತಾತನಿಗೂ ಅಜ್ಜಿಗೂ ಅದೇ ಡಬ್ಬ ತೋರಿಸಿಡಿ.